ಬೀಸಿದವರು ನೂರು, ಬಿರುಕು ಒಂದೇ

ಕೆರೆ ಮುಗಿದು ಕುರುಚಲು ಕಾಡು ಶುರುವಾಗುವ ಕಡೆ ಒಂದು ಮತ್ತಿಮರ ನಿಂತಿತ್ತು. ಮೂರು ಜನ ಕೈ ಕೈ ಹಿಡಿದರೂ ತಬ್ಬಲಾಗದಷ್ಟು ದಪ್ಪ. ನೋಡುವುದಕ್ಕೆ ಗಟ್ಟಿಮುಟ್ಟು, ಆದರೆ ಹೊಟ್ಟೆಯೆಲ್ಲ ಟೊಳ್ಳು. ಆ ಟೊಳ್ಳಿನೊಳಗೆ ಒಂದು ತುಡುವೆ ಜೇನಿನ ಸಂಸಾರ ಇತ್ತು.

ತುಡುವೆ ಜೇನು ಗೊತ್ತಲ್ಲ, ಮಕ್ಕಳೇ? ಬಯಲಲ್ಲಿ ಜೋತುಬೀಳುವ ಹೆಜ್ಜೇನಲ್ಲ ಅದು. ಪೊಟರೆ ಹುಡುಕಿ, ಒಳಗೆ ಸೇರಿ, ಅಚ್ಚುಕಟ್ಟಾಗಿ ಮನೆ ಹೂಡುವಂಥದ್ದು. ಮೇಣದಲ್ಲಿ ಪುಟ್ಟ ಪುಟ್ಟ ಕೋಣೆ ಕಟ್ಟಿ, ಹಲಗೆ ಇಳಿಬಿಟ್ಟ ಹಾಗೆ ಸಾಲಾಗಿ ಇಳಿಬಿಡುತ್ತದೆ. ಅಂಥ ಒಂದೊಂದು ಹಲಗೆಗೂ ಎರಿ ಅಂತ ಹೆಸರು. ಮತ್ತಿಮರದ ಮನೆಯಲ್ಲಿ ಏಳು ಎರಿ ಇದ್ದವು. ಕೆಲವು ಕೋಣೆಗಳಲ್ಲಿ ತುಪ್ಪ, ಕೆಲವು ಕೋಣೆಗಳಲ್ಲಿ ಮರಿ.

ಈ ಜೇನುಮರಿಗಳದ್ದು ಒಂದೇ ಹಟ. ಸೆಕೆಯೂ ಆಗಬಾರದು, ಚಳಿಯೂ ಆಗಬಾರದು. ಅವ್ವನ ಮಡಿಲು ಎಷ್ಟು ಬೆಚ್ಚಗಿರುತ್ತದೋ ಅಷ್ಟೇ ಬೆಚ್ಚಗೆ ಸದಾ ಇರಬೇಕು. ಅದಕ್ಕೇ ಸೆಕೆ ಹೆಚ್ಚಾದರೆ ದೊಡ್ಡವರೆಲ್ಲ ಬಾಗಿಲಲ್ಲಿ ಸಾಲಾಗಿ ನಿಂತು ರೆಕ್ಕೆ ಬೀಸುತ್ತಾರೆ. ಚಳಿಯಾದರೆ ಮರಿಗಳ ಮೇಲೆ ಒತ್ತಾಗಿ ಕೂತು ಮೈ ನಡುಗಿಸಿ ಕಾವು ಕೊಡುತ್ತಾರೆ. ಬೀಸಿದರೂ ತುಪ್ಪ ಬೇಕು, ನಡುಗಿದರೂ ತುಪ್ಪ ಬೇಕು. ನಮ್ಮ ಒಲೆಗೆ ಸೌದೆ ಹೇಗೋ, ಅವರ ಮೈಗೆ ತುಪ್ಪ ಹಾಗೆ.

ಆ ಮನೆಯಲ್ಲಿ ಬೀಸುವವರಿಗೆಲ್ಲ ಹಿರಿಯಳು ಹೊಂಬಾಳಕ್ಕ. ಅವಳು ರೆಕ್ಕೆ ಬೀಸಲು ನಿಂತಳು ಅಂದರೆ ಮರದ ಬುಡದಲ್ಲಿ ಮಲಗಿದ ಮೊಲಕ್ಕೂ ಗುಂಯ್ ಅಂತ ಕೇಳುತ್ತಿತ್ತು. ಒಳ್ಳೆಯವಳೇ, ಮೈಗಳ್ಳಿಯಲ್ಲ. ಮರಿಗಳೆಂದರೆ ಪ್ರಾಣ ಬಿಡುತ್ತಿದ್ದಳು. ಆದರೆ ಅವಳಿಗೊಂದು ಹೆಮ್ಮೆ ಇತ್ತು.

ಆ ಹೆಮ್ಮೆ ಬೆಳೆಯುವುದಕ್ಕೆ ಆ ಮನೆಯ ಪದ್ಧತಿಯೂ ಹಾಗೇ ಇತ್ತು ಅನ್ನಿ. ದಿನಾ ಹೊತ್ತು ಇಳಿಯುವಾಗ ರಾಣಿಯವ್ವ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳುತ್ತಿದ್ದಳು:

"ಇವತ್ತು ಯಾರ ರೆಕ್ಕೆ ಹೆಚ್ಚು ಹರಿದಿದೆ, ತೋರಿಸಿ."

ಬೀಸಿ ಬೀಸಿ ಯಾರ ರೆಕ್ಕೆಯ ಅಂಚು ಹೆಚ್ಚು ಚಿಂದಿಯಾಗಿದೆಯೋ ಅವಳಿಗೆ ರಾಣಿಯ ಪಕ್ಕದಲ್ಲಿ ಜಾಗ. ಮುನ್ನೂರು ದಿನದಲ್ಲಿ ಇನ್ನೂರು ದಿನ ಆ ಜಾಗ ಹೊಂಬಾಳಕ್ಕನದೇ.

ಈಗ ಆ ಬಿರುಕಿನ ವಿಷಯಕ್ಕೆ ಬರುತ್ತೇನೆ.

ಹೋದ ವರ್ಷದ ಬಿರುಗಾಳಿಗೆ ಮರದ ಪಡುವಣ ಕಡೆಯ ಒಂದು ಕೊಂಬೆ ಮುರಿದು ಬಿದ್ದಿತ್ತು. ಬೀಳುವಾಗ ಸುಮ್ಮನೆ ಬೀಳಲಿಲ್ಲ, ಕಾಂಡವನ್ನು ಸೀಳಿಕೊಂಡು ಬಿತ್ತು. ಕಿರುಬೆರಳು ತೂರುವಷ್ಟು ಅಗಲ, ಮೊಳದುದ್ದದ ಬಿರುಕು. ಬೇಸಿಗೆ ಬಂತು. ಮಧ್ಯಾಹ್ನ ತಿರುಗಿದರೆ ಸಾಕು, ಪಡುವಣದ ಬಿಸಿಲು ಆ ಬಿರುಕಿನಿಂದ ನೆಟ್ಟಗೆ ಒಳಗೆ. ಬಿಸಿಲಿನ ಹಿಂದೆಯೇ ಬಾಣಲೆಯಿಂದ ಎದ್ದಂಥ ಗಾಳಿ.

"ಸೆಕೆ! ಸೆಕೆ!" ಅಂತ ಮರಿಗಳು ಒದ್ದಾಡಿದವು.

"ಇನ್ನೂ ಇಪ್ಪತ್ತು ಜನ ಬನ್ರೇ ಬೀಸೋಕೆ!" ಅಂದಳು ಹೊಂಬಾಳಕ್ಕ.

ಇಪ್ಪತ್ತು ಜನ ಬಂದರು. ಸಾಲಲಿಲ್ಲ. ಇನ್ನೂ ಮೂವತ್ತು ಬಂದರು. ವಾರ ಕಳೆಯುವಷ್ಟರಲ್ಲಿ ಬಾಗಿಲಲ್ಲಿ ನೂರು ಜನ ನಿಂತು ಬೀಸುತ್ತಿದ್ದರು. ಮರವೇ ಗುಂಯ್‌ಗುಡುತ್ತಿತ್ತು. ಹೊಂಬಾಳಕ್ಕನಿಗೆ ಆ ಸದ್ದು ಕೇಳಿದರೆ ಹೊಟ್ಟೆ ತುಂಬುತ್ತಿತ್ತು.

ಆದರೆ ತುಪ್ಪದ ಎರಿ ಕಾಯುತ್ತಿದ್ದ ಸಣ್ಣೀರಜ್ಜಿಗೆ ಹಾಗಾಗಲಿಲ್ಲ. ಅವಳು ಮುದುಕಿ, ಹಾರಾಟ ನಿಲ್ಲಿಸಿ ಮನೆಯೊಳಗಿನ ಕೆಲಸ ಹಿಡಿದಿದ್ದಳು. ಬೀಸಿ ದಣಿದು ಬಂದವರಿಗೆ ಗುಟುಕು ತುಪ್ಪ ಕೊಡುವುದು ಅವಳ ಕೆಲಸ. ಕೊಟ್ಟು ಕೊಟ್ಟು ಅವಳಿಗೆ ಒಂದು ಗೊತ್ತಾಗಿತ್ತು: ಬೆಳಗ್ಗೆ ಹೂವಿನಿಂದ ಬಂದದ್ದೆಲ್ಲ ಸಂಜೆಗೆ ಬೀಸುವವರ ಹೊಟ್ಟೆ ಸೇರುತ್ತಿದೆ. ತುಪ್ಪದ ಎರಿ ತುಂಬುತ್ತಲೇ ಇಲ್ಲ.

ಅಜ್ಜಿ ಎರಡು ದಿನ ಮನೆಯೆಲ್ಲ ಸುತ್ತಿದಳು. ಯಾವ ಮೂಲೆ ಬಿಸಿ, ಯಾವ ಮೂಲೆ ತಂಪು, ಹಣೆಯ ಕುಡಿಮೀಸೆ ತಾಗಿಸಿ ತಾಗಿಸಿ ನೋಡಿದಳು. ಮೂರನೆಯ ದಿನ ಮಧ್ಯಾಹ್ನ ಹದಿನೈದು ಜನ ಹುಡುಗಿಯರನ್ನು ಕರೆದಳು.

"ಬನ್ರವ್ವಾ, ಈ ಬಿರುಕಿಗೆ ಬೆನ್ನು ಕೊಟ್ಟು ಒತ್ತಾಗಿ ಕೂತ್ಕೊಳ್ಳಿ."

"ಕೂತು ಏನು ಮಾಡ್ಬೇಕಜ್ಜಿ?"

"ಏನೂ ಮಾಡ್ಬೇಡಿ. ಸುಮ್ನೆ ಕೂತ್ರೆ ಸಾಕು."

ಕೂತರು. ಬಿರುಕಿನ ಅರ್ಧ ಮುಚ್ಚಿತು. ಸ್ವಲ್ಪ ಹೊತ್ತಿನಲ್ಲೇ ಮರಿಗಳ ಒದ್ದಾಟ ನಿಂತಿತು. ಬಾಗಿಲಲ್ಲಿ ಬೀಸುತ್ತಿದ್ದವರಲ್ಲಿ ಒಬ್ಬಳು ರೆಕ್ಕೆ ನಿಲ್ಲಿಸಿದಳು, ಆಮೇಲೆ ಇನ್ನೊಬ್ಬಳು. ನೋಡನೋಡುತ್ತ ನಲವತ್ತು ಜನ ರೆಕ್ಕೆ ಮಡಚಿ ಕೂತುಬಿಟ್ಟರು. ಮನೆ ಮಾತ್ರ ತಂಪಾಗಿಯೇ ಇತ್ತು.

ಹೊಂಬಾಳಕ್ಕ ಧಾವಿಸಿ ಬಂದಳು.

"ಇದೇನ್ರೇ ಇದು, ಮದುವೆ ಮನೆಗೆ ಬಂದ ನೆಂಟರ ಹಾಗೆ ಕೂತಿದ್ದೀರಾ!"

"ಸೆಕೆ ಇಲ್ವಲ್ಲಕ್ಕಾ," ಅಂದಳು ಒಬ್ಬಳು.

"ಸೆಕೆ ಇಲ್ಲ ಅಂದ್ರೆ? ಚೈತ್ರದಲ್ಲಿ ಸೆಕೆ ಇಲ್ಲ ಅಂದೋರು ಯಾರೇ?"

ಸಣ್ಣೀರಜ್ಜಿ ಮೆಲ್ಲಗೆ ಮುಂದೆ ಬಂದಳು. "ನಾನೇ ಅಂದೆ ಅಂತ ಇಟ್ಕೋ, ಹೊಂಬಾಳಾ. ಬಿರುಕಿಂದ ಬಿಸಿ ಬರ್ತಿದೆ. ನೀವು ಈ ಕಡೆಯಿಂದ ಅದನ್ನ ಹೊರಗೆ ತಳ್ತಾ ಇದ್ದೀರಿ, ಅದು ಆ ಕಡೆಯಿಂದ ಮತ್ತೆ ಬರ್ತಿದೆ. ತೂತು ಬಿದ್ದ ಬಿಂದಿಗೆಯಲ್ಲಿ ನೀರು ಹೊತ್ತ ಹಾಗಾಯ್ತು. ಮೊದಲು ತೂತು ಮುಚ್ಚೋಣ. ಆಮೇಲೆ ಎಷ್ಟು ಜನ ಬೇಕೋ ಅಷ್ಟೇ ಬೀಸಲಿ."

"ಅಂದ್ರೆ ನಾವು ಇಷ್ಟು ದಿನ ಬೀಸಿದ್ದೆಲ್ಲ ದಂಡವಾ?"

"ನಾನು ಹಾಗಂದ್ನೇನೇ?"

"ಅಂದ ಹಾಗೇ ಆಯ್ತಲ್ಲ!"

"ಇನ್ನೊಂದು ಮಾತು," ಅಂದಳು ಅಜ್ಜಿ. "ಕೊನೇ ಎರಡು ಎರಿ ಖಾಲಿ ಇವೆ. ಅಲ್ಲಿದ್ದೋರು ಹೋದ ತಿಂಗಳೇ ಪಾಲಾಗಿ ಬೇರೆ ಮನೆಗೆ ಹೋದ್ರು. ಅಲ್ಲೂ ಹನ್ನೆರಡು ಜನ ನಿಂತು ಬೀಸ್ತಾ ಇದ್ದಾರೆ. ಯಾರಿಗೆ ಬೀಸ್ತಿದ್ದಾರವ್ವಾ? ಗೋಡೆಗಾ?"

ಆ ಹದಿನೈದು ಹುಡುಗಿಯರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಆ ನಗು ಹೊಂಬಾಳಕ್ಕನಿಗೆ ಮುಳ್ಳಿನ ಹಾಗೆ ಚುಚ್ಚಿತು.

"ನೆಂಟರು ಬಂದ್ರೆ ಬಿಸಿ ಕೋಣೆ ತೋರಿಸೋಕಾಗತ್ತಾ?" ಅಂತ ದಬಾಯಿಸಿ, ಬಿರುಕಿಗೆ ಬೆನ್ನು ಕೊಟ್ಟಿದ್ದ ಹದಿನೈದು ಜನರನ್ನೂ ಎಬ್ಬಿಸಿ ಬಾಗಿಲಿಗೆ ಅಟ್ಟಿದಳು.

ಬಿಸಿಲು ಮತ್ತೆ ಒಳಗೆ ಬಂತು. ನೂರು ಜನರೂ ಮತ್ತೆ ಬೀಸಲು ನಿಂತರು.

ಅದೇ ಮರದ ಬುಡದಲ್ಲಿ, ಬೇರಿನ ಸಂದಿಯಲ್ಲಿ ಗುಜ್ಜವ್ವ ಅಂತ ಒಬ್ಬಳಿದ್ದಳು. ಅವಳು ಮುಜಂಟಿ ಜೇನು. ಸೊಳ್ಳೆಯಷ್ಟೇ ಗಾತ್ರ, ಕಪ್ಪು ಮೈ, ಚುಚ್ಚುವುದಕ್ಕೆ ಮುಳ್ಳು ಕೂಡ ಇಲ್ಲ. ಮುಜಂಟಿಗಳು ಮಾವಿನ ಸೊನೆ, ಹಲಸಿನ ಅಂಟು ಕಾಲಿಗೆ ಮೆತ್ತಿಕೊಂಡು ಬಂದು ಮನೆಯ ಸಂದಿಗೊಂದಿಯನ್ನೆಲ್ಲ ಮುಚ್ಚಿಬಿಡುತ್ತವೆ. ಬಾಗಿಲಿಗೆ ಮಾತ್ರ ಒಂದು ಚಿಕ್ಕ ಕೊಳವೆ ಬಿಡುತ್ತವೆ. ತುಡುವೆಗಳಿಗೆ ಈ ಅಂಟಿನ ಕೆಲಸ ಬರುವುದಿಲ್ಲ. ಅವರಿಗೆ ಗೊತ್ತಿರುವುದು ಮೇಣ ಒಂದೇ.

ಸಣ್ಣೀರಜ್ಜಿ ಆ ಮೇಣದಲ್ಲೇ ಒಂದು ಸಲ ಬಿರುಕಿಗೆ ಮೆತ್ತಿ ನೋಡಿದ್ದಳು. ಪಡುವಣದ ಬಿಸಿಲಿಗೆ ಕರಗಿ ತೊಟ್ಟಿಕ್ಕಿತು. ಕೊನೆಗೆ ಅವಳೇ ಕುಂಟುತ್ತ ಇಳಿದು ಗುಜ್ಜವ್ವನ ಬಾಗಿಲಿಗೆ ಹೋದಳು.

ಮಾರನೆಯ ದಿನ ಗುಜ್ಜವ್ವ ಕಾಲಿಗೆ ಎರಡು ಉಂಡೆ ಅಂಟು ಮೆತ್ತಿಕೊಂಡು ಮೇಲೆ ಬಂದಳು. ಬಿರುಕನ್ನು ಉದ್ದಕ್ಕೂ ನಡೆದು ನೋಡಿದಳು.

"ನಮ್ಮೋರು ಇಪ್ಪತ್ತು ಜನ ಬಂದ್ರೆ ಮೂರು ಮಧ್ಯಾಹ್ನದ ಕೆಲಸ ಕಣಮ್ಮಾ," ಅಂದಳು. "ಈಗ ಮರ ಒಣಗಿದೆ, ಸೊನೆನೂ ಸುರೀತಿದೆ. ಈಗ ಮೆತ್ತಿದ್ರೆ ಕಲ್ಲಿನ ಹಾಗೆ ಕೂರುತ್ತೆ."

"ಅದಕ್ಕೆ ನಿನಗೇನು ಕೊಡ್ಬೇಕು?" ಅಂದಳು ಹೊಂಬಾಳಕ್ಕ.

"ಏನೂ ಬೇಡ. ನೀವು ಗುಂಯ್ ಅನ್ನೋದು ನಿಲ್ಲಿಸಿದ್ರೆ ನಮ್ಮ ಮಕ್ಕಳು ಒಂದು ಕೋಳಿನಿದ್ದೆ ಮಾಡ್ತವೆ. ಅಷ್ಟು ಸಾಕು."

ಎಲ್ಲರೂ ಘೊಳ್ಳನೆ ನಕ್ಕರು. ಹೊಂಬಾಳಕ್ಕ ನಗಲಿಲ್ಲ.

"ಮುಳ್ಳಿಲ್ಲದೋಳು ನಮಗೆ ಮನೆ ಕಟ್ಟೋದು ಹೇಳಿಕೊಡ್ತಾಳೆ, ನೋಡಿ! ಆ ಕಪ್ಪು ಅಂಟು ನಮ್ಮ ಬಿಳಿ ಮೇಣದ ಪಕ್ಕ ಹಚ್ಚಬೇಕಂತೆ. ರಾಣಿಯವ್ವಾ, ನಮಗೆ ರೆಕ್ಕೆ ಇಲ್ವಾ? ತುಪ್ಪ ಇಲ್ವಾ? ಹೊರಗೆ ಹೊಂಗೆ ಬಿಟ್ಟಿದೆ, ಬೇವು ಬಿಟ್ಟಿದೆ. ಕುಡಿದಷ್ಟೂ ಬರುತ್ತೆ!"

ರಾಣಿಯವ್ವ ಅಜ್ಜಿಯನ್ನು ನೋಡಿದಳು. ಹೊಂಬಾಳಕ್ಕನ ಹರಿದ ರೆಕ್ಕೆಯನ್ನು ನೋಡಿದಳು. ಅಷ್ಟು ದುಡಿದವಳ ಮಾತು ತೆಗೆದುಹಾಕುವುದಕ್ಕೆ ಅವಳಿಗೆ ಮನಸ್ಸು ಬರಲಿಲ್ಲ.

"ಹೊಂಬಾಳ ಇರೋವಾಗ ಅಂಟು ಯಾಕೆ," ಅಂದುಬಿಟ್ಟಳು.

ಗುಜ್ಜವ್ವ ತಂದ ಅಂಟನ್ನು ಕಾಲಿನಲ್ಲೇ ಇಟ್ಟುಕೊಂಡು ಇಳಿದು ಹೋದಳು. ಹೋಗುವ ಮುಂಚೆ ಸಣ್ಣೀರಜ್ಜಿಯ ಕಿವಿಯಲ್ಲಿ ಹೇಳಿದಳು: "ಯಾವಾಗ ಕರೆದ್ರೂ ಬರ್ತೀನಿ ಕಣಜ್ಜಿ. ಆದ್ರೆ ಮಳೆಗೆ ಮುಂಚೆ ಕರೀರಿ."

ಅಜ್ಜಿ ಮತ್ತೆ ಜಗಳಕ್ಕೆ ಹೋಗಲಿಲ್ಲ. ದಿನಾ ಮಧ್ಯಾಹ್ನ ಬಿಸಿಲು ಪಡುವಣಕ್ಕೆ ತಿರುಗುವ ಹೊತ್ತಿಗೆ ತಾನೊಬ್ಬಳೇ ಹೋಗಿ, ಮರಿಗಳ ಎರಿಯ ಎದುರಿಗೆ ಸರಿಯಾಗಿ, ಬಿರುಕಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಅವಳ ಮರೆಯಲ್ಲಿ ಒಂದು ಹಿಡಿ ಮರಿಗಳಿಗಾದರೂ ನೆರಳು. ಹುಡುಗಿಯರು ಹೋಗುತ್ತ ಬರುತ್ತ "ಅಜ್ಜಿ ಬಾಗಿಲಾಗಿದ್ದಾಳೆ" ಅಂತ ತಮಾಷೆ ಮಾಡಿದರು. ಅಜ್ಜಿಯೂ ನಕ್ಕಳು.

ವೈಶಾಖದ ಕೊನೆಯ ಒಂದು ದಿನ ಬಿಸಿಲು ಇಳಿದರೂ ಅವಳು ಎದ್ದು ಬರಲಿಲ್ಲ. ಹೋಗಿ ನೋಡಿದರೆ, ಕೂತ ಹಾಗೇ ಒಣಗಿದ್ದಳು.

ಜೇನುಮನೆಯಲ್ಲಿ ಸತ್ತವರನ್ನು ಒಳಗೆ ಇಟ್ಟುಕೊಳ್ಳುವ ಹಾಗಿಲ್ಲ. ಇಬ್ಬರು ಬಂದು ಅಜ್ಜಿಯನ್ನು ಎತ್ತಿ ಹೊರಗೆ ಹಾಕಿದರು. ಅವಳು ಕೂತಿದ್ದ ಜಾಗದಿಂದ ಬೆಳಕಿನ ಒಂದು ಕಡ್ಡಿ ಬಂದು ಮರಿಗಳ ಮೇಲೆ ಬಿತ್ತು. ಹೊಂಬಾಳಕ್ಕ ಅದನ್ನು ನೋಡಿದಳು. ಏನೋ ಹೇಳಬೇಕು ಅನ್ನಿಸಿತು. ಆದರೆ ಬಾಗಿಲಲ್ಲಿ ಸಾಲು ಕಾಯುತ್ತಿತ್ತು. ಬೀಸಲು ಹೋದಳು.

ಮಳೆ ಬಂತು, ಮಕ್ಕಳೇ. ಮೊದಲ ಮಳೆಗೆ ಎಲ್ಲರೂ ಕುಣಿದಾಡಿದರು. ಸೆಕೆ ಹೋಯಿತಲ್ಲ! ಆಷಾಢದ ಹೊತ್ತಿಗೆ ಕುಣಿತ ನಿಂತಿತು. ಹಗಲಿಡೀ ಜಿನುಗು, ಅದರ ಜೊತೆ ಪಡುವಣ ಗಾಳಿ. ಹೊಂಗೆಯ ಹೂವು ಎಂದೋ ಉದುರಿತ್ತು, ಬೇವಿನದೂ ಮುಗಿದಿತ್ತು. ಹೊರಗೆ ಹೋದವರು ನೆನೆದ ರೆಕ್ಕೆ, ಖಾಲಿ ಹೊಟ್ಟೆ ಹೊತ್ತು ಮರಳಿದರು.

ಬೇಸಿಗೆಯಲ್ಲಿ ಬಿಸಿ ತಂದ ಅದೇ ಬಿರುಕು ಈಗ ಚಳಿ ತಂದಿತು. ಮರಿಗಳ ಮೇಲೆ ಒತ್ತಾಗಿ ಕೂತು ಎಷ್ಟು ನಡುಗಿದರೂ, ಎಷ್ಟು ಕಾವು ಕೊಟ್ಟರೂ, ಸುಯ್ ಅಂತ ಗಾಳಿ ಬಂದು ಎಲ್ಲವನ್ನೂ ಎತ್ತಿಕೊಂಡು ಹೋಗುತ್ತಿತ್ತು. ನಡುಗಿದವರಿಗೆ ಹಸಿವು. ಹಸಿದವರು ತುಪ್ಪದ ಎರಿಗೆ ಹೋದರೆ, ಅಲ್ಲಿ ಒಂದು ಮೂಲೆಯ ಏಳೆಂಟು ಕೋಣೆ ಬಿಟ್ಟರೆ ಉಳಿದದ್ದೆಲ್ಲ ಬರಿದು. ಬೇಸಿಗೆಯ ತುಪ್ಪವೆಲ್ಲ ಬೇಸಿಗೆಯಲ್ಲೇ ಗಾಳಿಯಾಗಿ ಹೋಗಿತ್ತು.

ಆಗ ಹೊಂಬಾಳಕ್ಕ ಯಾರಿಗೂ ಹೇಳದೆ ಹೊರಟಳು. ಹಾರಲು ಹೋದರೆ ರೆಕ್ಕೆ ಏಳಲಿಲ್ಲ. ನಡೆದೇ ಇಳಿದಳು. ಒದ್ದೆ ತೊಗಟೆಯ ಮೇಲೆ ಎರಡು ಸಲ ಜಾರಿದಳು. ಗುಜ್ಜವ್ವನ ಕೊಳವೆ ಬಾಗಿಲಿಗೆ ಬಾಯಿಟ್ಟು ಕರೆದಳು:

"ಗುಜ್ಜವ್ವಾ... ಇದ್ದೀಯಾ ತಾಯಿ?"

"ಯಾರದು? ಹೊಂಬಾಳಕ್ಕನಾ? ಇಷ್ಟು ಸಣ್ಣ ದನಿ ನಿಂದು ಅಂತ ಗೊತ್ತೇ ಆಗಲಿಲ್ಲ."

"ಬಂದು ಬಿರುಕು ಮುಚ್ಚಿಕೊಡ್ತೀಯಾ?"

ಗುಜ್ಜವ್ವ ಕೂಡಲೇ ಹೊರಗೆ ಬಂದಳು. ಬೇಸಿಗೆಯಲ್ಲಿ ತೆಗೆದಿಟ್ಟಿದ್ದ ಅಂಟಿನ ಉಂಡೆ ಹೊತ್ತು ಇಪ್ಪತ್ತು ಮುಜಂಟಿಗಳು ಹಿಂದೆ ಬಂದವು. ಬಿರುಕಿನ ಅಂಚಿಗೆ ಒಂದು ಉಂಡೆ ಒತ್ತಿದರು. ಜಾರಿ ಬಿತ್ತು. ಇನ್ನೊಂದು ಒತ್ತಿದರು. ಅದೂ ಜಾರಿತು. ನೀರು ಕುಡಿದ ಮರ ಅಂಟನ್ನು ಹಿಡಿಯಲೇ ಇಲ್ಲ. ಇಡೀ ದಿನ ಒತ್ತಿದರು. ಸಂಜೆಗೆ ಮರದ ಬುಡದಲ್ಲಿ ಕಪ್ಪು ಉಂಡೆಗಳ ರಾಶಿ ಬಿದ್ದಿತ್ತು.

"ಆಗಲ್ಲಕ್ಕಾ," ಅಂದಳು ಗುಜ್ಜವ್ವ. ಅವಳ ಕಣ್ಣಲ್ಲೂ ನೀರಿತ್ತು. "ಮರ ಒಣಗಬೇಕು."

"ಒಣಗೋದು ಯಾವಾಗ?"

"ಮಳೆ ನಿಂತ ಮೇಲೆ."

ಅಷ್ಟು ದಿನಕ್ಕೆ ತುಪ್ಪ ಎಲ್ಲಿದೆ?

ಮಾರನೆಯ ಬೆಳಗ್ಗೆ ಮಳೆ ಸ್ವಲ್ಪ ಹೊಳವಾಯಿತು. ರಾಣಿಯವ್ವ ಎಲ್ಲರನ್ನೂ ಕರೆದಳು. ಕೆರೆಯ ಆಚೆ ದಡದ ಹಾಳು ಹುತ್ತದಲ್ಲಿ ಒಂದು ಬೆಚ್ಚನೆಯ ಪೊಟರೆ ಇದೆಯಂತೆ. ಉಳಿದ ತುಪ್ಪವನ್ನು ಹೊಟ್ಟೆಗೆ ತುಂಬಿಕೊಂಡು ಈಗಲೇ ಹೊರಟರೆ ದೊಡ್ಡವರಾದರೂ ಬದುಕಬಹುದು. ಮರಿಗಳನ್ನು ಹೊತ್ತು ಹಾರಲಾಗುವುದಿಲ್ಲ. ಈ ಮಾತು ರಾಣಿಯವ್ವ ಹೇಳಲಿಲ್ಲ. ಹೇಳುವುದು ಬೇಕಿರಲಿಲ್ಲ.

ಎಲ್ಲರೂ ಸಾಲಾಗಿ ನಿಂತರು. ದಿನಾ ಸಂಜೆ ನಿಲ್ಲುತ್ತಿದ್ದ ಹಾಗೆಯೇ. ರಾಣಿಯವ್ವ ಸಾಲಿನ ಉದ್ದಕ್ಕೂ ನಡೆಯುತ್ತ ಬಂದಳು.

"ಯಾರ ರೆಕ್ಕೆ ಹರಿದಿಲ್ಲ, ತೋರಿಸಿ. ಕೆರೆ ದಾಟೋಕೆ ಆಗೋರು ಮಾತ್ರ ಬನ್ನಿ."

ಎಳೆಯ ಹುಡುಗಿಯರು ಮುಂದೆ ಬಂದರು. ಬೀಸುವವರ ಸಾಲಿನಲ್ಲಿ ಮೂವತ್ತು ಜನ ತಲೆ ತಗ್ಗಿಸಿ ನಿಂತಲ್ಲೇ ನಿಂತರು. ಎಲ್ಲರಿಗಿಂತ ಮುಂದೆ ಹೊಂಬಾಳಕ್ಕ.

ರಾಣಿಯವ್ವ ಅವಳ ಮುಂದೆ ನಿಂತಳು. "ನಿನ್ನ ರೆಕ್ಕೆ ನೋಡಿ ನೋಡಿ ನಾನೇ ನಿನ್ನ ಹೊಗಳಿ ಹಿಗ್ಗಿಸಿದೆ, ಹೊಂಬಾಳಾ. ತಪ್ಪು ನಿಂದೊಂದೇ ಅಲ್ಲ."

"ಹೋಗಿಬನ್ನಿ ಅವ್ವಾ," ಅಂದಳು ಹೊಂಬಾಳಕ್ಕ. "ಅಲ್ಲಿ ಮನೆ ಹೂಡೋಕೆ ಮುಂಚೆ ಗೋಡೆ ಒಂದು ಸುತ್ತು ನೋಡಿ. ಎಲ್ಲಿ ಗಾಳಿ ಬರುತ್ತೆ, ಎಲ್ಲಿ ಬಿಸಿಲು ಬೀಳುತ್ತೆ ಅಂತ. ನಮ್ಮಜ್ಜಿ ಮೀಸೆ ತಾಗಿಸಿ ನೋಡ್ತಿದ್ಲಲ್ಲ, ಹಾಗೆ."

ಅಜ್ಜಿ ಅನ್ನುವ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು.

ಸಂಸಾರ ಕೆರೆಯ ಮೇಲೆ ಒಂದು ಕಪ್ಪು ಮೋಡದ ಹಾಗೆ ಹಾರಿಹೋಯಿತು. ಮೂವತ್ತು ಜನ ಉಳಿದರು. ಹೊಂಬಾಳಕ್ಕ ಮರಿಗಳ ಎರಿಯನ್ನು ಒಂದು ಸಲ ನೋಡಿದಳು. ಆಮೇಲೆ ಬಿರುಕಿನ ಹತ್ತಿರ ಹೋಗಿ, ಸಣ್ಣೀರಜ್ಜಿ ಕೂರುತ್ತಿದ್ದ ಜಾಗದಲ್ಲೇ, ಬೆನ್ನು ಕೊಟ್ಟು ಕೂತಳು. ಉಳಿದವರೂ ಒಬ್ಬರಿಗೊಬ್ಬರು ಒತ್ತಿಕೊಂಡು ಸಾಲಾಗಿ ಕೂತರು. ಮೊಳದುದ್ದದ ಬಿರುಕು ಪೂರ್ತಿ ಮುಚ್ಚಿತು. ಗಾಳಿಯ ಸುಯ್ಯೆನ್ನುವ ಸದ್ದು ನಿಂತಿತು. ಒಳಗೆ ಬೆಚ್ಚಗಾಯಿತು.

"ಇಷ್ಟೇ ಇತ್ತಲ್ಲೇ," ಅಂದಳು ಹೊಂಬಾಳಕ್ಕ, ಪಕ್ಕದವಳಿಗೆ. "ಅಜ್ಜಿ ಹೇಳಿದ್ದು ಇಷ್ಟೇ."

ಗುಜ್ಜವ್ವ ದಿನಾ ಮಳೆಯಲ್ಲೇ ಹತ್ತಿ ಬಂದು ತನ್ನ ಮನೆಯ ಹುಳಿಹುಳಿ ತುಪ್ಪ ಒಂದೊಂದು ತೊಟ್ಟು ಕೊಟ್ಟಳು. ಆದರೆ ಸೊಳ್ಳೆಯಷ್ಟು ಜೇನಿನ ತುಪ್ಪ ಎಷ್ಟಿದ್ದೀತು, ಹೇಳಿ? ಮೂರು ದಿನ ಮನೆ ಬೆಚ್ಚಗಿತ್ತು. ಮೂರನೆಯ ದಿನ ಕೆಲವು ಮರಿಗಳು ಬೆಳೆದು, ಕೋಣೆಯ ಮುಚ್ಚಳ ಕೊರೆದು ಹೊರಗೆ ಬಂದವು. ಒಟ್ಟು ಹದಿನೇಳು. ಹೊಸ ರೆಕ್ಕೆ, ಒಂದು ಎಳೆಯೂ ಹರಿದಿಲ್ಲ. ಗುಜ್ಜವ್ವ ಅವುಗಳಿಗೆ ಕೆರೆಯ ಆಚೆ ದಡ ತೋರಿಸಿ ಕಳಿಸಿದಳು. ಸಾವಿರದಲ್ಲಿ ಹದಿನೇಳು. ಉಳಿದವು ಕಣ್ಣು ಬಿಡಲಿಲ್ಲ. ಬಿರುಕಿಗೆ ಬೆನ್ನು ಕೊಟ್ಟು ಕೂತ ಮೂವತ್ತು ಜನರೂ ಏಳಲಿಲ್ಲ.

ಭಾದ್ರಪದ ಕಳೆದು ಮಳೆ ನಿಂತಿತು. ಬಿಸಿಲು ಬಿದ್ದು ಮರ ಒಣಗಿತು. ಗುಜ್ಜವ್ವ ತನ್ನ ಇಪ್ಪತ್ತು ಜನರನ್ನು ಕರೆದುಕೊಂಡು ಬಂದಳು. ಕರೆದರೆ ಬರುತ್ತೇನೆ ಅಂದಿದ್ದಳಲ್ಲ. ಮೂರು ಮಧ್ಯಾಹ್ನ ಕೂತು ಬಿರುಕನ್ನು ಅಂಟಿನಿಂದ ಮುಚ್ಚಿದಳು. ಕಲ್ಲಿನ ಹಾಗೆ ಕೂತಿತು.

ಆಮೇಲೆ ಒಂದು ಸಲ ಒಳಗೆ ಹೋಗಿ ನಿಂತಳು. ಹೊರಗೆ ಚುರುಗುಟ್ಟುವ ಬಿಸಿಲು, ಒಳಗೆ ತಣ್ಣಗೆ. ಒಂದು ರೆಕ್ಕೆಯನ್ನೂ ಬೀಸಬೇಕಿರಲಿಲ್ಲ. ಬೀಸುವವರು ಯಾರೂ ಇರಲಿಲ್ಲ. ಅಷ್ಟು ದಿನ ಬೇಡಿಕೊಂಡಿದ್ದ ನಿಶ್ಶಬ್ದ ಅವಳಿಗೆ ಸಿಕ್ಕಿತ್ತು. ಅದನ್ನು ತಡೆಯಲಾರದೆ ಗುಜ್ಜವ್ವ ಬೇಗ ಬೇಗ ಹೊರಗೆ ಬಂದಳು.

ಈಗಲೂ ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುವ ಸದ್ದು ಕೇಳಿದರೆ, ಕಿಟಕಿ ಸಂದಿಯಿಂದ ಬಿಸಿಲು ಸುರಿಯುತ್ತಿರುವಾಗ ಇನ್ನೊಂದು ಫ್ಯಾನು ತರೋಣ ಅನ್ನುವುದು ಕೇಳಿದರೆ, ನನಗೆ ಹೊಂಬಾಳಕ್ಕನ ಗುಂಯ್ ಅನ್ನುವ ಸದ್ದೇ ಕೇಳಿದ ಹಾಗಾಗುತ್ತದೆ. ಎದ್ದು ಹೋಗಿ ಆರಿಸಿ ಬನ್ನಿ, ಮಕ್ಕಳೇ. ಬರುವಾಗ ಆ ಸಂದಿಯನ್ನೂ ಒಂದು ಸಲ ನೋಡಿ ಬನ್ನಿ.

ನೀತಿ: ಮನೆಯನ್ನು ತಂಪಾಗಿಡಲು, ಬೆಚ್ಚಗಿಡಲು ದುಡಿಯುವ ಮೊದಲು ಅದು ಎಲ್ಲಿ ಸೋರುತ್ತಿದೆ ಎಂದು ನೋಡಿ ಮುಚ್ಚಬೇಕು, ಮುಚ್ಚುವುದಕ್ಕೂ ಒಂದು ಕಾಲವಿದೆ, ಅದು ನಮಗಾಗಿ ಕಾಯುವುದಿಲ್ಲ.